ಲ್ಯಾಪ್‌ಟಾಪಿಗೆ ಒಂದೇ ವೈರು: ಆ ಸಣ್ಣ ತೂತಿನೊಳಗೆ ಏನೇನು ಓಡುತ್ತದೆ?

ಕಲಬುರಗಿಯ ನಮ್ಮ ಮನೆಯಲ್ಲಿ ನನ್ನ ಟೇಬಲ್ ಅಂದರೆ ಗೋಡೆಗೆ ಕೂಡಿಸಿದ ಒಂದು ಶಹಾಬಾದ್ ಪರಸಿ, ಅಂದರೆ ಕಲ್ಲಿನ ಚಪ್ಪಡಿ. ನಾಲ್ಕು ಅಡಿ ಉದ್ದ, ಎರಡು ಅಡಿ ಅಗಲ. ಬೇಸಿಗೆಯಲ್ಲಿ ಕೈ ಇಟ್ಟರೆ ತಂಪು. ಅದರ ಮೇಲೆ ಲ್ಯಾಪ್‌ಟಾಪ್ ಇಟ್ಟು ಕೂತ ಕೂಡಲೇ ದಿನದ ಮೊದಲ ಕೆಲಸ ವೈರು ಚುಚ್ಚುವುದಾಗಿತ್ತು. ಚಾರ್ಜರ್ ಒಂದು, ಮಾನಿಟರ್‌ನ ಎಚ್‌ಡಿಎಂಐ ಒಂದು, ಕೀಬೋರ್ಡ್ ಒಂದು, ಮೌಸ್ ಒಂದು, ಇಂಟರ್‌ನೆಟ್‌ನ ಲ್ಯಾನ್ ವೈರು ಒಂದು, ಬ್ಯಾಕಪ್ ಹಾರ್ಡ್ ಡಿಸ್ಕ್ ಒಂದು. ಸಂಜೆ ಆರನ್ನೂ ಕಿತ್ತು ಲ್ಯಾಪ್‌ಟಾಪ್ ಚೀಲಕ್ಕೆ. ಮರುದಿನ ಮತ್ತೆ ಆರು.

ಕಸ ಹೊಡೆಯಲು ಬಂದ ಅವ್ವ ಒಂದು ದಿನ ಪೊರಕೆ ಹಿಡಿದು ನಿಂತೇ ಬಿಟ್ಟರು. "ಇದೇನೋ ತಮ್ಮಾ, ಹಾವಿನ ಹುತ್ತ ಆಗ್ಯಾದಲ್ಲ. ಯಾವ್ದು ಎತ್ಲಿ, ಯಾವ್ದು ಬಿಡ್ಲಿ?"

ಈಗ ಆ ಟೇಬಲ್‌ನಲ್ಲಿ ಲ್ಯಾಪ್‌ಟಾಪಿಗೆ ಚುಚ್ಚುವುದು ಒಂದೇ ವೈರು. ಅದರಲ್ಲೇ ಕರೆಂಟು ಬರುತ್ತದೆ, ಚಿತ್ರ ಮಾನಿಟರ್‌ಗೆ ಹೋಗುತ್ತದೆ, ಉಳಿದದ್ದೆಲ್ಲಾ ಓಡುತ್ತದೆ. ಆದರೆ ಇಲ್ಲಿಗೆ ಬರಲು ನಾನು ಒಂದೆರಡು ಸಾಮಾನು ತಪ್ಪಾಗಿ ಕೊಂಡೆ. ಬೀದರ್‌ನಲ್ಲಿರುವ ನನ್ನ ತಂಗಿ ನನ್ನನ್ನು ನೋಡಿ ಇನ್ನೊಂದು ತಪ್ಪು ಸಾಮಾನು ಕೊಂಡಳು. ಕಾರಣ ಒಂದೇ: ತೂತಿನ ಆಕಾರ ನೋಡಿದೆವು, ಅದರೊಳಗೆ ಏನು ಓಡುತ್ತದೆ ಅಂತ ನೋಡಲಿಲ್ಲ.

ಆ ತೂತಿನ ಹೆಸರು ಯುಎಸ್‌ಬಿ ಟೈಪ್-ಸಿ. ಈಗಿನ ಫೋನಿಗೆ ಚುಚ್ಚುತ್ತೀರಲ್ಲ, ಅದೇ ಮೊಟ್ಟೆಯಾಕಾರದ ಪಿನ್ನು. ಇದರ ನಿಯಮಾವಳಿ ಹೊರಬಂದದ್ದು 2014ರ ಆಗಸ್ಟ್‌ನಲ್ಲಿ, ನಮ್ಮೂರು ಗುಲಬರ್ಗಾ ಹೋಗಿ ಕಲಬುರಗಿ ಆಗುವುದಕ್ಕೆ ಸುಮಾರು ಎರಡೂವರೆ ತಿಂಗಳು ಮೊದಲು. ಮೇಲೆ ಹನ್ನೆರಡು, ಕೆಳಗೆ ಹನ್ನೆರಡು, ಒಟ್ಟು 24 ಪಿನ್ನುಗಳು ಒಳಗಿವೆ. ಎರಡೂ ಸಾಲು ಒಂದಕ್ಕೊಂದು ಸರಿಹೊಂದುವ ಹಾಗೆ ಜೋಡಿಸಿರುವುದರಿಂದ ಹೇಗೆ ತಿರುಗಿಸಿ ಚುಚ್ಚಿದರೂ ನಡೆಯುತ್ತದೆ.

ಇಲ್ಲಿ ಒಂದು ಮಾತು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಟೈಪ್-ಸಿ ಅನ್ನುವುದು ಬರೀ ಆಕಾರದ ಹೆಸರು. ಅದರೊಳಗೆ ಏನು ಓಡಬೇಕು ಅಂತ ನಿರ್ಧರಿಸುವುದು ಲ್ಯಾಪ್‌ಟಾಪ್ ಮಾಡಿದ ಕಂಪನಿ. ಕರೆಂಟು, ಚಿತ್ರ, ಡೇಟಾ ಮೂರೂ ಓಡುವ ತೂತು ಇದೆ. ಡೇಟಾ ಮಾತ್ರ ಓಡುವ ತೂತೂ ಇದೆ. ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ. ಕಡಿಮೆ ಬೆಲೆಯ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಇರುವುದು ಈ ಎರಡನೇ ಥರದ್ದೇ.

ಒಳಗೆ ನಡೆಯುವುದನ್ನು ನಾನು ಅರ್ಥ ಮಾಡಿಕೊಂಡದ್ದು ವಾಡಿ ಜಂಕ್ಷನ್ ನೆನೆಸಿಕೊಂಡು. ನಮ್ಮ ಕಡೆಯವರಿಗೆ ವಾಡಿ ಗೊತ್ತಿರುತ್ತದೆ ಅಲ್ವಾ? ಮುಂಬೈ ಕಡೆಯಿಂದ ಬಂದ ಗಾಡಿಗಳು ಅಲ್ಲಿ ಎರಡು ದಾರಿ ಹಿಡಿಯುತ್ತವೆ. ಕೆಲವು ಯಾದಗಿರಿ, ರಾಯಚೂರು ಕಡೆಗೆ, ಕೆಲವು ತಾಂಡೂರು, ಸಿಕಂದರಾಬಾದ್ ಕಡೆಗೆ. ಹಳಿ ಇರುವುದು ಇಷ್ಟೇ. ಯಾವ ಹಳಿ ಯಾವ ಗಾಡಿಗೆ ಅಂತ ಮೊದಲೇ ತೀರ್ಮಾನ ಆಗಬೇಕು.

ಟೈಪ್-ಸಿ ಒಳಗೂ ಹಾಗೆಯೇ. ಅಲ್ಲಿ ವೇಗದ ಹಳಿಗಳು ನಾಲ್ಕು. ಅವುಗಳ ಪಕ್ಕದಲ್ಲಿ ಒಂದು ಹಳೆಯ ನಿಧಾನದ ದಾರಿ ಬೇರೆ ಇದೆ. ಅದು ಯುಎಸ್‌ಬಿ 2.0, ಸೆಕೆಂಡಿಗೆ 480 ಮೆಗಾಬಿಟ್. ಕೀಬೋರ್ಡ್, ಮೌಸ್, ಪ್ರಿಂಟರ್ ಇವಕ್ಕೆಲ್ಲಾ ಆ ದಾರಿ ಸಾಕು. ಕರೆಂಟಿಗೆ ಬೇರೆ ಪಿನ್ನುಗಳಿವೆ. ಇವೆಲ್ಲವನ್ನೂ ನೋಡಿಕೊಳ್ಳುವ ಸ್ಟೇಷನ್ ಮಾಸ್ಟರ್ ಹಾಗೆ ಸಿಸಿ ಅನ್ನುವ ಸಣ್ಣ ಪಿನ್ನು ಒಂದಿದೆ. ನೀವು ವೈರು ಚುಚ್ಚಿದ ಕ್ಷಣ ಎರಡೂ ಕಡೆಯವರು ಈ ಪಿನ್ನಿನ ಮೂಲಕ ಮಾತಾಡಿಕೊಳ್ಳುತ್ತಾರೆ. "ನಿನಗೆ ಎಷ್ಟು ಕರೆಂಟು ಬೇಕು? ಚಿತ್ರ ಕಳಿಸ್ತೀಯಾ? ಎಷ್ಟು ಹಳಿ ಬೇಕು?" ಮಾತು ಮುಗಿದ ಮೇಲೆಯೇ ಸಿಗ್ನಲ್ ಬೀಳುವುದು. ಚುಚ್ಚಿದ ಮೇಲೆ ಮಾನಿಟರ್ ಬೆಳಗಲು ಮೂರ್ನಾಲ್ಕು ಸೆಕೆಂಡ್ ಹಿಡಿಯುವುದಕ್ಕೆ ಈ ಮಾತುಕತೆಯೂ ಒಂದು ಕಾರಣ.

ಚಿತ್ರಕ್ಕೆ ನಾಲ್ಕೂ ಹಳಿ ಕೊಡಬಹುದು, ಇಲ್ಲವೇ ಎರಡು ಕೊಟ್ಟು ಉಳಿದೆರಡನ್ನು ಡೇಟಾಗೆ ಬಿಡಬಹುದು. ಹಬ್, ಅಂದರೆ ಒಂದು ಟೈಪ್-ಸಿ ತೂತನ್ನು ಹಲವು ತೂತು ಮಾಡಿಕೊಡುವ ಸಣ್ಣ ಡಬ್ಬಿ, ಕೊಂಡವರಿಗೆ ತಲೆನೋವು ಶುರುವಾಗುವುದು ಇಲ್ಲೇ. ಅಂಗಡಿಯಲ್ಲಿ ಸಿಗುವ ಎರಡು-ಮೂರು ಸಾವಿರ ರೂಪಾಯಿಯ ಹಬ್‌ಗಳಲ್ಲಿ ಬಹಳಷ್ಟು ಎರಡು ಹಳಿ ಚಿತ್ರಕ್ಕೆ, ಎರಡು ಹಳಿ ಡೇಟಾಗೆ ಕೊಡುವಂಥವು. ಚಿತ್ರ ಕಳಿಸುವ ನಿಯಮಾವಳಿಯ ಹೆಸರು ಡಿಸ್‌ಪ್ಲೇಪೋರ್ಟ್. ಅದರ ಹಳೆಯ ಲೆಕ್ಕದಲ್ಲಿ ಒಂದೊಂದು ಚಿತ್ರದ ಹಳಿ ಸೆಕೆಂಡಿಗೆ 5.4 ಗಿಗಾಬಿಟ್ ಹೊರುತ್ತದೆ. ಎರಡು ಹಳಿಯಲ್ಲಿ 4ಕೆ ಚಿತ್ರ, ಅಂದರೆ ಫುಲ್ ಎಚ್‌ಡಿಯ ನಾಲ್ಕರಷ್ಟು ಚುಕ್ಕೆಗಳಿರುವ ಚಿತ್ರ, ಸೆಕೆಂಡಿಗೆ 30 ಸಲ ಮಾತ್ರ ಹೋಗುತ್ತದೆ, 60 ಸಲ ಹೋಗುವುದಿಲ್ಲ. ಹಾಗಾಗಿಯೇ ಡಬ್ಬಿ ಮೇಲೆ "4ಕೆ 30 ಹರ್ಟ್ಸ್" ಅಂತ ಬರೆದಿರುತ್ತದೆ. 30 ಹರ್ಟ್ಸ್‌ನಲ್ಲಿ ಮೌಸ್ ಬಾಣ ಎಳೆದರೆ ಅದು ಜಾರುವುದಿಲ್ಲ, ಹೆಜ್ಜೆ ಹಾಕುತ್ತದೆ. ದಿನವಿಡೀ ಕೂತು ಓದುವವರಿಗೆ ಕಣ್ಣು ಉರಿಯುತ್ತದೆ. ಡಿಸ್‌ಪ್ಲೇಪೋರ್ಟ್ 1.4 ಇರುವ ಲ್ಯಾಪ್‌ಟಾಪ್‌ನಲ್ಲಿ ಒಂದೊಂದು ಹಳಿ 8.1 ಗಿಗಾಬಿಟ್ ಹೊರುತ್ತದೆ. ಹಬ್ ಕೂಡ ಅದನ್ನು ಒಪ್ಪಿದರೆ ಎರಡೇ ಹಳಿಯಲ್ಲಿ 4ಕೆ 60 ಹರ್ಟ್ಸ್ ದಾಟಿಸಬಹುದು.

ನಿಮ್ಮ ಮಾನಿಟರ್ 4ಕೆ ಅಲ್ಲ, ಸಾಮಾನ್ಯ ಫುಲ್ ಎಚ್‌ಡಿ ಅಂದರೆ ಈ ಹಳಿ ಲೆಕ್ಕ ಅಷ್ಟೂ ಮರೆತುಬಿಡಿ. 1920×1080 ಚಿತ್ರ 60 ಹರ್ಟ್ಸ್‌ನಲ್ಲಿ ಸಾಧಾರಣ ಹಬ್‌ನಲ್ಲೂ ಆರಾಮವಾಗಿ ಓಡುತ್ತದೆ. ಸುಮ್ನೆ ದುಬಾರಿ ಸಾಮಾನು ಕೊಳ್ಳಬೇಡಿ.

ಥಂಡರ್‌ಬೋಲ್ಟ್ ಮತ್ತು ಯುಎಸ್‌ಬಿ4 ಅಂತ ಇನ್ನೆರಡು ಹೆಸರು ಕೇಳಿರುತ್ತೀರಿ. ಥಂಡರ್‌ಬೋಲ್ಟ್ 3 ಬಂದದ್ದು 2015ರಲ್ಲಿ, ಯುಎಸ್‌ಬಿ4 ನಿಯಮಾವಳಿ 2019ರಲ್ಲಿ. ಎರಡೂ ಇದೇ ಟೈಪ್-ಸಿ ಆಕಾರವನ್ನೇ ಬಳಸುತ್ತವೆ. ಇವುಗಳಲ್ಲಿ ಹಳಿ ಹಂಚುವ ರಗಳೆ ಇಲ್ಲ. ಚಿತ್ರ ಮತ್ತು ಡೇಟಾ ಎರಡನ್ನೂ ಒಂದೇ ಗಾಡಿಯ ಬೇರೆ ಬೇರೆ ಬೋಗಿಗಳ ಹಾಗೆ ಕೂಡಿಸಿ ಓಡಿಸುತ್ತವೆ, ನಾನು ಹೇಳಿದ ಆ ಆವೃತ್ತಿಗಳಲ್ಲಿ ಸೆಕೆಂಡಿಗೆ 40 ಗಿಗಾಬಿಟ್‌ವರೆಗೆ. ಎರಡು 4ಕೆ ಮಾನಿಟರ್ ಬೇಕೇ ಬೇಕು ಅನ್ನುವವರಿಗೆ ಈ ದಾರಿ ಒಳ್ಳೆಯದು. ಒಂದು ಮಾನಿಟರ್ ಇಟ್ಟುಕೊಂಡವರಿಗೆ ಇಷ್ಟೆಲ್ಲಾ ಬೇಕಿಲ್ಲ.

ಹಾಗಾದರೆ ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಇರುವುದು ಯಾವ ಥರದ ತೂತು? ಮೊದಲು ತೂತಿನ ಪಕ್ಕದ ಗುರುತು ನೋಡಿ. ಮಿಂಚಿನ ಬಾಣ ಇದ್ದರೆ ಸಾಮಾನ್ಯವಾಗಿ ಥಂಡರ್‌ಬೋಲ್ಟ್. ಇಂಗ್ಲಿಷ್‌ನ ಡಿ ಅಕ್ಷರದೊಳಗೆ ಪಿ ಕೂತಿದ್ದರೆ ಚಿತ್ರ ಹೋಗುತ್ತದೆ. ಬ್ಯಾಟರಿಯ ಅಥವಾ ಪ್ಲಗ್ಗಿನ ಚಿತ್ರ ಇದ್ದರೆ ಕರೆಂಟಿನ ಗುರುತು. ಆದರೆ ಗುರುತೇ ಇಲ್ಲದ ಲ್ಯಾಪ್‌ಟಾಪ್‌ಗಳು ಬಹಳ. ಆಗ ಲ್ಯಾಪ್‌ಟಾಪ್ ಮಗುಚಿ ಹಾಕಿ ತಳದಲ್ಲಿರುವ ಮಾಡೆಲ್ ನಂಬರ್ ಓದಿ. ಕಂಪನಿಯ ಸೈಟ್‌ನಲ್ಲಿ ಅದರ ಸ್ಪೆಸಿಫಿಕೇಶನ್ ತೆಗೆಯಿರಿ. ಟೈಪ್-ಸಿ ಸಾಲಿನ ಎದುರು "ಪವರ್ ಡೆಲಿವರಿ" (ಕರೆಂಟು) ಮತ್ತು "ಡಿಸ್‌ಪ್ಲೇಪೋರ್ಟ್" (ಚಿತ್ರ) ಅನ್ನುವ ಎರಡು ಮಾತು ಹುಡುಕಿ. ಎರಡೂ ಇದ್ದರೆ ಒಂದೇ ವೈರಿನ ಟೇಬಲ್ ನಿಮ್ಮದಾಗಬಹುದು. "ಡೇಟಾ ಓನ್ಲಿ" ಅಂತ ಇದ್ದರೆ ದಾರಿ ಬೇರೆ.

ನನ್ನ ತಂಗಿಯದು ಈ ಡೇಟಾ ಓನ್ಲಿ ಕಥೆ. ಅವಳು ನನ್ನ ಟೇಬಲ್ ನೋಡಿ ಹೋಗಿ ಅಂಥದ್ದೇ ಹಬ್ ತರಿಸಿದಳು. ರಾತ್ರಿ ಫೋನ್ ಬಂತು. "ಅಣ್ಣಾ, ನಿಂದ್ರಾಗ ಬರ್ತದ, ನಂದ್ರಾಗ ಯಾಕ ಬರವಲ್ದು?" ಪೆನ್‌ಡ್ರೈವ್ ಓದುತ್ತಿತ್ತು, ಕೀಬೋರ್ಡ್ ನಡೆಯುತ್ತಿತ್ತು, ಮಾನಿಟರ್ ಮಾತ್ರ ಕಪ್ಪು. ಹಬ್‌ನಲ್ಲಿ ಏನೂ ದೋಷ ಇರಲಿಲ್ಲ. ಅವಳ ಲ್ಯಾಪ್‌ಟಾಪ್‌ನ ಟೈಪ್-ಸಿ ತೂತಿನಿಂದ ಚಿತ್ರ ಹೊರಗೆ ಬರುವುದೇ ಇಲ್ಲ. ಚಾರ್ಜಿಂಗೂ ದುಂಡನೆ ಪಿನ್ನಿನದು.

ಅಂಥವರು ಹತಾಶರಾಗಬೇಕಿಲ್ಲ. ಎಚ್‌ಡಿಎಂಐ ವೈರನ್ನು ಲ್ಯಾಪ್‌ಟಾಪ್‌ನಿಂದ ನೇರ ಮಾನಿಟರ್‌ಗೆ ಹಾಕಿ. ಕೀಬೋರ್ಡ್, ಮೌಸ್, ಲ್ಯಾನ್, ಹಾರ್ಡ್ ಡಿಸ್ಕ್ ಎಲ್ಲಾ ಹಬ್‌ಗೆ. ಚಾರ್ಜರ್ ತನ್ನ ಪಾಡಿಗೆ ತಾನು. ಆರು ವೈರು ಹೋಗಿ ಮೂರಾಯಿತು. ಮೂರನ್ನೂ ಒಂದು ಬಟ್ಟೆಯ ಅಂಟುಪಟ್ಟಿಯಲ್ಲಿ ಕೂಡಿಸಿ ಕಟ್ಟಿದರೆ ಕೈಗೆ ಒಂದೇ ಗೊಂಚಲು ಸಿಗುತ್ತದೆ. ತಂಗಿ ಈಗ ಹಾಗೆಯೇ ಮಾಡಿಕೊಂಡಿದ್ದಾಳೆ. ಇನ್ನೊಂದು ದಾರಿ ಡಿಸ್‌ಪ್ಲೇಲಿಂಕ್ ಚಿಪ್ ಇರುವ ಡಾಕ್. ಡಾಕ್ ಅಂದರೆ ಹಬ್‌ನ ದೊಡ್ಡಣ್ಣ. ಅದು ಚಿತ್ರವನ್ನು ಲ್ಯಾಪ್‌ಟಾಪ್‌ನ ಪ್ರೊಸೆಸರ್‌ನಲ್ಲೇ ಕುಗ್ಗಿಸಿ, ಮಾಮೂಲಿ ಡೇಟಾ ಥರ ಯುಎಸ್‌ಬಿಯಲ್ಲಿ ಕಳಿಸುತ್ತದೆ. ಅದಕ್ಕೆ ಡ್ರೈವರ್ ಹಾಕಿಕೊಳ್ಳಬೇಕು. ಬರವಣಿಗೆ, ಲೆಕ್ಕಪತ್ರಕ್ಕೆ ಚೆನ್ನಾಗಿದೆ. ವಿಡಿಯೋ ಎಡಿಟಿಂಗ್‌ಗೆ ನಾನು ಬೇಡ ಅನ್ನುತ್ತೇನೆ. ಎಂ1, ಎಂ2 ಚಿಪ್‌ನ ಮ್ಯಾಕ್‌ಬುಕ್ ಏರ್ ಒಂದೇ ಹೊರಗಿನ ಮಾನಿಟರ್ ಒಪ್ಪುತ್ತದೆ. ಅವಕ್ಕೆ ಎರಡನೇ ಮಾನಿಟರ್ ಹಚ್ಚುವವರು ಹಿಡಿಯುವುದೂ ಈ ದಾರಿಯನ್ನೇ.

ಈಗ ಕರೆಂಟಿನ ವಿಷಯ. ಟೈಪ್-ಸಿ ಮೊದಲು ಕೊಡುವುದು ಬರೀ 5 ವೋಲ್ಟ್. ಮಾತುಕತೆಯಲ್ಲಿ ಒಪ್ಪಂದ ಆದ ಮೇಲೆ 9, 15, 20 ವೋಲ್ಟ್‌ಗೆ ಏರುತ್ತದೆ. 20 ವೋಲ್ಟ್, 3 ಆಂಪ್ ಅಂದರೆ 60 ವ್ಯಾಟ್. 5 ಆಂಪ್ ಆದರೆ 100 ವ್ಯಾಟ್. 2021ರಲ್ಲಿ ಬಂದ ಹೊಸ ನಿಯಮದ ಪ್ರಕಾರ 240 ವ್ಯಾಟ್‌ವರೆಗೂ ಹೋಗಬಹುದು. 3 ಆಂಪ್ ದಾಟಬೇಕಾದರೆ ವೈರಿನೊಳಗೇ ಒಂದು ಸಣ್ಣ ಚಿಪ್ ಇರಬೇಕು. "ನಾನು 5 ಆಂಪ್ ತಡೆಯುತ್ತೇನೆ" ಅಂತ ಅದು ಹೇಳಿದರೆ ಮಾತ್ರ ಜಾಸ್ತಿ ಕರೆಂಟು ಬಿಡುತ್ತಾರೆ. ಆ ಚಿಪ್ ಇಲ್ಲದ ವೈರಿಗೆ 100 ವ್ಯಾಟ್ ಚಾರ್ಜರ್ ಹಚ್ಚಿದರೂ ಸಿಗುವುದು 60 ಮಾತ್ರ. ಇದು ನಮ್ಮ ಸುರಕ್ಷತೆಗೆ ಮಾಡಿದ ಏರ್ಪಾಡು, ಬಹಳ ಒಳ್ಳೆಯ ಏರ್ಪಾಡು.

ಹಬ್ ಕೂಡ ತನ್ನ ಪಾಲು ತಿನ್ನುತ್ತದೆ. 65 ವ್ಯಾಟ್ ಚಾರ್ಜರನ್ನು ಹಬ್‌ಗೆ ಚುಚ್ಚಿದರೆ ಅದು ತನಗೆ ಅಂತ 10-15 ವ್ಯಾಟ್ ಇಟ್ಟುಕೊಂಡು ಉಳಿದದ್ದನ್ನು ಲ್ಯಾಪ್‌ಟಾಪಿಗೆ ಬಿಡುತ್ತದೆ. ಆಗಲೇ "ಚಾರ್ಜಿಂಗ್ ನಿಧಾನವಾಗಿದೆ" ಅನ್ನುವ ಸೂಚನೆ ಬರುವುದು. ಲ್ಯಾಪ್‌ಟಾಪಿಗೆ 65 ಬೇಕು ಅಂದರೆ 100 ವ್ಯಾಟ್ ಚಾರ್ಜರ್ ಇಟ್ಟುಕೊಳ್ಳಿ, ನಿಶ್ಚಿಂತೆ. ಗೇಮಿಂಗ್ ಲ್ಯಾಪ್‌ಟಾಪ್‌ಗಳ ಹಸಿವು ಇದಕ್ಕಿಂತ ಎಷ್ಟೋ ದೊಡ್ಡದು, ಅವಕ್ಕೆ ತಮ್ಮ ಸ್ವಂತ ಚಾರ್ಜರೇ ಸರಿ. ಹೊಸ ಲ್ಯಾಪ್‌ಟಾಪ್ ಕೊಳ್ಳುವವರಿಗೆ ಒಂದು ಒಳ್ಳೆಯ ಸುದ್ದಿ ಇದೆ. ಯುರೋಪ್ ಒಕ್ಕೂಟ 2024ರ ಡಿಸೆಂಬರ್ 28ರಿಂದ ಫೋನ್‌ಗಳಿಗೆ, 2026ರ ಏಪ್ರಿಲ್ 28ರಿಂದ ಲ್ಯಾಪ್‌ಟಾಪ್‌ಗಳಿಗೆ ಟೈಪ್-ಸಿ ಚಾರ್ಜಿಂಗ್ ಕಡ್ಡಾಯ ಅಂತ ಕಾನೂನು ಮಾಡಿದೆ.

ವೈರಿನ ಬಗ್ಗೆ ಇನ್ನೂ ಸ್ವಲ್ಪ ಹೇಳಬೇಕು, ಯಾಕೆಂದರೆ ನಾನು ಒಂದು ಇಡೀ ಭಾನುವಾರ ಕಳೆದುಕೊಂಡದ್ದು ಇದರಲ್ಲೇ. ಟೈಪ್-ಸಿ ಇರುವ ಮಾನಿಟರ್ ಮನೆಗೆ ಬಂತು. ಫೋನ್ ಚಾರ್ಜರ್ ಜೊತೆ ಬಂದ ಬಿಳಿ ವೈರು ಕೈಗೆ ಸಿಕ್ಕಿತು, ಅದನ್ನೇ ಎರಡೂ ಕಡೆ ಚುಚ್ಚಿದೆ. ಲ್ಯಾಪ್‌ಟಾಪ್ ಚಾರ್ಜ್ ಆಯಿತು. ಮಾನಿಟರ್‌ಗೆ ಹಚ್ಚಿದ ಮೌಸ್ ಕೂಡ ನಡೆಯಿತು. ಚಿತ್ರ ಇಲ್ಲ. ಮಾನಿಟರ್ ಕೆಟ್ಟಿದೆ ಅಂದುಕೊಂಡು ಮತ್ತೆ ಡಬ್ಬಿಗೆ ತುಂಬಿದೆ. ಸಂಜೆ ಡಬ್ಬಿಯ ತಳದಲ್ಲಿ, ಥರ್ಮಾಕೋಲ್ ಕೆಳಗೆ, ಒಂದು ದಪ್ಪನೆಯ ಕಪ್ಪು ವೈರು ಸಿಕ್ಕಿತು. ಬೆರಳಲ್ಲಿ ಉರುಳಿಸಿದರೆ ಬಿಳಿ ವೈರಿಗಿಂತ ಹೆಚ್ಚುಕಮ್ಮಿ ಎರಡರಷ್ಟು ದಪ್ಪ, ಬಗ್ಗಿಸಿದರೆ ಬಿರುಸು. ಅದನ್ನು ಚುಚ್ಚಿದೆ, ನಾಲ್ಕು ಸೆಕೆಂಡಿನಲ್ಲಿ ಚಿತ್ರ ಬಂತು.

ಫೋನಿನ ಚಾರ್ಜಿಂಗ್ ವೈರುಗಳಲ್ಲಿ ಬಹಳಷ್ಟಕ್ಕೆ ಆ ನಾಲ್ಕು ವೇಗದ ಹಳಿಗಳೇ ಇರುವುದಿಲ್ಲ. ಕರೆಂಟಿನ ತಂತಿ ಮತ್ತು ಯುಎಸ್‌ಬಿ 2.0ರ ಸಣ್ಣ ದಾರಿ, ಅಷ್ಟೇ. ಚಾರ್ಜ್ ಆಗುತ್ತದೆ, ಮೌಸ್ ನಡೆಯುತ್ತದೆ, ಚಿತ್ರಕ್ಕೆ ದಾರಿ ಇಲ್ಲ. ನಮ್ಮೂರಿನ ಸೂಪರ್ ಮಾರ್ಕೆಟ್ ಬಜಾರಿನ ಕಡೆ ಅಂಗಡಿಗೆ ಹೋಗಿ ಬರೀ "ಟೈಪ್-ಸಿ ವೈರ್ ಕೊಡ್ರಿ" ಅಂದರೆ ಸಾಮಾನ್ಯವಾಗಿ ಕೊಡುವುದು ಇದನ್ನೇ. "ಮಾನಿಟರ್‌ಗೆ ಹಚ್ಚೂದದ, 10 ಗಿಗಾಬಿಟ್ ಇಲ್ಲಾ ಅದಕ್ಕಿಂತ ಜಾಸ್ತಿದು, 100 ವ್ಯಾಟ್‌ದು ಬೇಕ್ರಿ" ಅಂತ ಕೇಳಿ. ಉದ್ದ ಒಂದು ಮೀಟರ್ ಸಾಕು. ವೇಗದ ವೈರು ಉದ್ದ ಆದಷ್ಟೂ ಸಿಗ್ನಲ್ ಸೊರಗುತ್ತದೆ.

ಹಬ್ಬೋ, ಡಾಕೋ, ಟೈಪ್-ಸಿ ಮಾನಿಟರೋ? ಹೊಸ ಮಾನಿಟರ್ ಕೊಳ್ಳುವ ಯೋಚನೆ ಹೇಗೂ ಇದ್ದರೆ ನನ್ನ ಮಾತು ಮಾನಿಟರ್‌ಗೇ. 65 ಅಥವಾ 90 ವ್ಯಾಟ್ ವಾಪಸ್ ಕೊಡುವ, ಹಿಂದುಗಡೆ ಯುಎಸ್‌ಬಿ ಪೋರ್ಟ್ ಇರುವ, ಸಾಧ್ಯವಾದರೆ ಲ್ಯಾನ್ ಪೋರ್ಟ್ ಕೂಡ ಇರುವ ಮಾನಿಟರ್ ಅಂದರೆ ಅದೇ ಒಂದು ಡಾಕ್. ಕೀಬೋರ್ಡ್, ಹಾರ್ಡ್ ಡಿಸ್ಕ್ ಎಲ್ಲಾ ಮಾನಿಟರ್ ಬೆನ್ನಿಗೆ ಸೇರುತ್ತವೆ. ಮೇಲೆ ಕಾಣುವುದು ಒಂದೇ ವೈರು. ಇರುವ ಮಾನಿಟರ್ ಚೆನ್ನಾಗಿದ್ದರೆ ಹಬ್ ಸಾಕು. ಸ್ವಂತ ಅಡಾಪ್ಟರ್ ಇರುವ ದೊಡ್ಡ ಡಾಕ್ ಬೇಕಾಗುವುದು ಎರಡು-ಮೂರು ಮಾನಿಟರ್ ಇಟ್ಟವರಿಗೆ.

ವೈರ್‌ಲೆಸ್ ಮಾಡಿದರೆ ಮುಗಿಯಿತಲ್ಲ ಅಂತ ಕೆಲವರು ಕೇಳುತ್ತಾರೆ. ಕೀಬೋರ್ಡ್, ಮೌಸ್‌ಗೆ ಹೌದು. ಪ್ರಿಂಟರ್ ವೈಫೈಗೆ ಹೋದರೆ ಅದೂ ಟೇಬಲ್ ಬಿಟ್ಟು ಕಪಾಟಿನ ಮೇಲೆ ಹೋಗುತ್ತದೆ. ಆದರೆ ಇಲ್ಲೊಂದು ಸೂಕ್ಷ್ಮ ಇದೆ. ಹಾರ್ಡ್ ಡಿಸ್ಕ್‌ಗೆ ಫೈಲ್ ಹಾಕಲು ಶುರು ಮಾಡಿದ ತಕ್ಷಣ ನನ್ನ ಮೌಸ್ ಬಾಣ ತಡವರಿಸುತ್ತಿತ್ತು. ಕಾಪಿ ಮುಗಿದರೆ ಸರಿಹೋಗುತ್ತಿತ್ತು. ಸೆಲ್ ಬದಲಿಸಿದೆ, ಪ್ರಯೋಜನ ಆಗಲಿಲ್ಲ. ಕಾರಣ ಬೇರೆ ಇತ್ತು. ಯುಎಸ್‌ಬಿ 3 ಓಡುವಾಗ ಅದರಿಂದ ಹೊರಬೀಳುವ ರೇಡಿಯೋ ಗದ್ದಲ 2.4 ಗಿಗಾಹರ್ಟ್ಸ್ ಸುತ್ತಮುತ್ತಲೂ ಹರಡುತ್ತದೆ. ಮೌಸ್‌ನ ಪುಟ್ಟ ರಿಸೀವರ್ ಕೇಳಿಸಿಕೊಳ್ಳುವುದೂ ಅಲ್ಲೇ. ಇಂಟೆಲ್ ಕಂಪನಿಯೇ 2012ರಲ್ಲಿ ಇದನ್ನು ಅಳತೆ ಮಾಡಿ ಬರೆದಿದೆ. ಹಬ್‌ನಲ್ಲಿ ಹಾರ್ಡ್ ಡಿಸ್ಕ್ ಮತ್ತು ರಿಸೀವರ್ ಒಂದರ ಪಕ್ಕ ಒಂದು ಕೂತರೆ ಸಂತೆಯಲ್ಲಿ ಗುಟ್ಟು ಹೇಳಿದ ಹಾಗೆ. ರಿಸೀವರನ್ನು ಒಂದು ಗೇಣು ಉದ್ದದ ಯುಎಸ್‌ಬಿ 2.0 ಎಕ್ಸ್‌ಟೆನ್ಶನ್ ವೈರಿಗೆ ಹಾಕಿ ದೂರ ಇಟ್ಟೆ, ಸಮಸ್ಯೆ ನಿಂತಿತು. ಬ್ಲೂಟೂತ್ ಓಡುವುದೂ 2.4ರಲ್ಲೇ. ಹಾಗಾಗಿ ಹಬ್ಬನ್ನೇ ಲ್ಯಾಪ್‌ಟಾಪ್‌ನಿಂದ ಸ್ವಲ್ಪ ದೂರ ಇಡುವುದು ಒಳ್ಳೆಯದು.

ಲ್ಯಾನ್ ವೈರನ್ನು ಮಾತ್ರ ನಾನು ಬಿಡಲಿಲ್ಲ. ಮೀಟಿಂಗ್ ನಡುವೆ ಮಾತು ಕಡಿಯಬಾರದು ಅನ್ನುವವರಿಗೆ ವೈಫೈಗಿಂತ ಅದು ಮೇಲು. ಅದು ಮಾನಿಟರ್ ಬೆನ್ನಿಗೆ ಹೋಗುವುದರಿಂದ ಕಣ್ಣಿಗೂ ಕಾಣುವುದಿಲ್ಲ.

ನಮ್ಮೂರಿನಲ್ಲಿ ಕರೆಂಟ್ ಹೋಗುವುದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಟೇಬಲ್ ಕಟ್ಟುವುದಕ್ಕೆ ಆಗುವುದಿಲ್ಲ. ಆರು ವೈರು ಇದ್ದಾಗ ಕರೆಂಟ್ ಹೋದರೆ ಮಾನಿಟರ್ ಆರುತ್ತಿತ್ತು, ಬ್ಯಾಟರಿ ಮೇಲೆ ಉಳಿದದ್ದು ನಡೆಯುತ್ತಿತ್ತು. ಎಲ್ಲವೂ ಒಂದೇ ದಾರಿಗೆ ಬಂದ ಮೇಲೆ ಆ ದಾರಿ ಕಡಿದರೆ ಎಲ್ಲವೂ ಒಟ್ಟಿಗೆ ಕಡಿಯುತ್ತದೆ. ಹಾರ್ಡ್ ಡಿಸ್ಕ್‌ಗೆ ಬರೆಯುತ್ತಿರುವಾಗ ಹಾಗಾದರೆ ಫೈಲ್ ಕೆಡಬಹುದು. ಇನ್ವರ್ಟರ್ ಇದ್ದರೂ ಅದು ಬದಲಾಗುವ ಆ ಒಂದು ಕ್ಷಣ ಸಾಕು. ಚಾರ್ಜರ್ ಆರಿದ್ದನ್ನು ಕಂಡ ಹಬ್ ಮತ್ತೆ ಮೊದಲಿನಿಂದ ಮಾತುಕತೆ ಶುರು ಮಾಡುತ್ತದೆ, ಡಿಸ್ಕ್ ಕಡಿದು ಮತ್ತೆ ಕೂಡುತ್ತದೆ. ಮನೆಯ ಇನ್ವರ್ಟರ್‌ಗಳಲ್ಲಿ ಹಲವಕ್ಕೆ ಯುಪಿಎಸ್ ಮೋಡ್ ಅನ್ನುವ ಸ್ವಿಚ್ ಇರುತ್ತದೆ. ಅದನ್ನು ಹಾಕಿದರೆ ಬದಲಾವಣೆ ಬೇಗ ಆಗುತ್ತದೆ. ಮಾನಿಟರ್, ಚಾರ್ಜರ್, ರೂಟರ್ ಮೂರನ್ನೂ ಇನ್ವರ್ಟರ್ ಲೈನಿನ ಬೋರ್ಡಿಗೇ ಹಾಕಿ. ಒಂದು ಇದ್ದು ಇನ್ನೊಂದು ಇಲ್ಲದಿದ್ದರೆ ಕೆಲಸ ನಿಲ್ಲುತ್ತದೆ.

ಲ್ಯಾಪ್‌ಟಾಪ್‌ನ ಲೋಹದ ಮೈ ಮುಟ್ಟಿದಾಗ ಕೈ ಜುಮ್ ಅಂದರೆ ಬೋರ್ಡಿನಲ್ಲಿ ಅರ್ತಿಂಗ್ ಸರಿ ಇದೆಯಾ ಅಂತ ಎಲೆಕ್ಟ್ರಿಷಿಯನ್ ಕರೆದು ನೋಡಿಸಿ. ಎರಡು ಪಿನ್ನಿನ ಅಡಾಪ್ಟರ್‌ನಲ್ಲಿ ಆ ಜುಮ್ಮು ಇರುವುದುಂಟು. ಅರ್ತಿಂಗ್ ಇರುವ ಮೂರು ಪಿನ್ನಿನ ಮಾನಿಟರ್ ಹಚ್ಚಿದರೆ ಸಾಮಾನ್ಯವಾಗಿ ಹೋಗುತ್ತದೆ.

ಉಳಿದ ವೈರುಗಳನ್ನು ಟೇಬಲ್ ಅಡಿಗೆ ಕಟ್ಟಿ. ಪರಸಿಗೆ ಡ್ರಿಲ್ ಹಚ್ಚುವ ಧೈರ್ಯ ನನಗೆ ಆಗಲಿಲ್ಲ, ಮೂಲೆ ಸೀಳಿದರೆ ಇಡೀ ಕಲ್ಲು ಹೋಗುತ್ತದೆ. ಕೆಳಗೆ ಕಲ್ಲಿಗೆ ಅಂಟುವ ಕೊಕ್ಕೆ ಹಾಕಿ, ಎಕ್ಸ್‌ಟೆನ್ಶನ್ ಬಾಕ್ಸನ್ನು ಗೋಡೆಗೆ ಸ್ಕ್ರೂ ಮಾಡಿದೆ. ಕ್ಲಾಂಪ್ ಹಾಕಿ ಬಿಗಿಯುವ ಮಾನಿಟರ್ ಸ್ಟ್ಯಾಂಡ್‌ನ ಆಸೆಯನ್ನೂ ಅದೇ ಕಾರಣಕ್ಕೆ ಬಿಟ್ಟೆ. ವೈರು ಮುಚ್ಚಿಡಲು ಸಿಗುವ ಪ್ಲಾಸ್ಟಿಕ್ ಪೆಟ್ಟಿಗೆಗಳು ಚೆಂದ ಕಾಣುತ್ತವೆ, ಆದರೆ ಅಡಾಪ್ಟರನ್ನು ಅದರೊಳಗೆ ತುರುಕಬೇಡಿ. ಮೇ ತಿಂಗಳಲ್ಲಿ ಇಲ್ಲಿ ಉಷ್ಣತೆ 42 ಡಿಗ್ರಿ ದಾಟುತ್ತದೆ. ಮೊದಲೇ ಬಿಸಿಯಾಗುವ ಸಾಮಾನಿಗೆ ಗಾಳಿ ಬೇಕು. ಮುಚ್ಚಳ ಮುಚ್ಚಿ ಲ್ಯಾಪ್‌ಟಾಪ್ ಓಡಿಸುವವರಿಗೂ ಇದೇ ಮಾತು. ವಿಂಡೋಸ್‌ನಲ್ಲಿ ಪವರ್ ಆಪ್ಶನ್ಸ್‌ಗೆ ಹೋಗಿ, ಮುಚ್ಚಳ ಮುಚ್ಚಿದಾಗ "ಡು ನಥಿಂಗ್" ಅಂತ ಇಟ್ಟರೆ ಅದು ಮಲಗುವುದಿಲ್ಲ. ಚಾರ್ಜರ್ ಇದ್ದಾಗ ಮಾತ್ರ ಹಾಗೆ ಇಡಿ. ಬ್ಯಾಟರಿಗೆ ಇರುವ ಸೆಟ್ಟಿಂಗನ್ನು ಮುಟ್ಟಬೇಡಿ, ಇಲ್ಲವಾದರೆ ಚೀಲದೊಳಗೂ ಓಡುತ್ತಾ ಕಾದ ಹಂಚಾಗುತ್ತದೆ. ಬೇಸಿಗೆಯಲ್ಲಿ ನಾನು ಮುಚ್ಚಳ ತೆರೆದೇ ಇಡುತ್ತೇನೆ.

ಇನ್ನು ಆ ದಪ್ಪ ಕಪ್ಪು ವೈರು. ಮನೆಯಲ್ಲಿ ಎಲ್ಲರ ಫೋನೂ ಟೈಪ್-ಸಿ ಆದ್ದರಿಂದ ಅದು ಟೇಬಲ್ ಮೇಲೆ ನಿಲ್ಲುತ್ತಿರಲಿಲ್ಲ. ಅಕ್ಕನ ಮಗ "ಮಾಮಾ, ಚಾರ್ಜರ್ ವೈರ್ ತಗೋತೀನಿ" ಅಂತ ಒಯ್ದರೆ ಮರುದಿನ ಮಾನಿಟರ್ ಕಪ್ಪು. ಅವ್ವ ದೇವರ ಕೋಣೆಯಿಂದ ಒಂದು ತುಂಡು ಕೆಂಪು ದಾರ ತಂದು ಅದರ ಎರಡೂ ತುದಿಗೆ ಕಟ್ಟಿದರು. ಆಮೇಲೆ ಅದನ್ನು ಯಾರೂ ಮುಟ್ಟಿಲ್ಲ.